ತೂತು ಎಲ್ಲಿ ಕೊರೀಲಿ?

ಡಿಶ್ ಕಂಪನಿ ಬದಲಿಸುವ ಮಾತು ನಮ್ಮ ಮನೆಯಲ್ಲಿ ಆರಿದ್ರಾ ಮಳೆಗೆ ಹುಟ್ಟುತ್ತದೆ, ದೀಪಾವಳಿಯ ಹೊತ್ತಿಗೆ ತಾನಾಗಿಯೇ ಸಾಯುತ್ತದೆ. ಸಾಗರದ ಕಡೆಯ ಮಳೆ ಕಂಡವರಿಗೆ ಕಾರಣ ಬಿಡಿಸಿ ಹೇಳಬೇಕಿಲ್ಲ. ಧಾರಾವಾಹಿಯ ಸೊಸೆ ಇನ್ನೇನು ಮನೆಯವರೆದುರು ಸತ್ಯ ಹೇಳಬೇಕು, ಬಾಯಿ ತೆರೆದವಳು ಚೌಕ ಚೌಕವಾಗಿ ಒಡೆದು ನಿಲ್ಲುತ್ತಾಳೆ. ಆಮೇಲೆ ಪರದೆ ತುಂಬ ನೀಲಿ. ಅಮ್ಮ ಕಂಪನಿಗೆ ಶಾಪ ಹಾಕುತ್ತಾಳೆ. ಕೆಳಗಿನ ಮನೆಯವರದು ಬೇರೆ ಕಂಪನಿ, ಅವರಿಗೆ ಮಳೆಯಲ್ಲೂ ಬರುತ್ತದಂತೆ ಎನ್ನುತ್ತಾಳೆ. ಅದೇ ಹೊತ್ತಿಗೆ ಕೆಳಗಿನ ಮನೆಯಲ್ಲಿ ನಮ್ಮದು ಬರುತ್ತದಂತೆ ಎಂಬ ಮಾತು ನಡೆದಿರುತ್ತದೆ.

ಈ ಒಂದು ವಿಷಯದಲ್ಲಿ ಎಲ್ಲ ಕಂಪನಿಗಳೂ ಸಮಾನರು. ಭೂಮಧ್ಯರೇಖೆಯ ಮೇಲೆ, ಸುಮಾರು 36,000 ಕಿ.ಮೀ. ಎತ್ತರದ ಉಪಗ್ರಹದಿಂದ ಹೊರಟ ಅಲೆ ಅಷ್ಟು ದಾರಿಯನ್ನೂ ಸುಸೂತ್ರವಾಗಿ ಮುಗಿಸಿ, ನಮ್ಮ ತಲೆಯ ಮೇಲಿನ ಕೆಲವೇ ಕಿಲೋಮೀಟರ್ ಮಳೆಯಲ್ಲಿ ಮುಗ್ಗರಿಸುತ್ತದೆ. ಇಲ್ಲಿ ಬಳಸುವ ಕೆಯು ಬ್ಯಾಂಡಿನ ಅಲೆಯ ಉದ್ದ ಎರಡೂವರೆ ಸೆಂಟಿಮೀಟರಿನ ಆಸುಪಾಸು. ದಪ್ಪ ಹನಿಗಳು ಅದನ್ನು ಒಂದಿಷ್ಟು ಹೀರುತ್ತವೆ, ಒಂದಿಷ್ಟು ಚೆದುರಿಸುತ್ತವೆ. ಹಿಂದಿನ ಕಾಲದ ದೊಡ್ಡ ಛತ್ರಿಗಳು ಸಿ ಬ್ಯಾಂಡಿನವು, ಅವು ಮಳೆಯನ್ನು ಅಷ್ಟಾಗಿ ಲೆಕ್ಕಕ್ಕಿಡುತ್ತಿರಲಿಲ್ಲ. ಆದರೆ ಅದಕ್ಕಾಗಿ ಅಡಿಕೆ ಹರವುವ ಅಂಗಳದಲ್ಲಿ ಪಾಲು ಕೊಡಬೇಕಿತ್ತು. ಯಾರು ಕೊಡುತ್ತಾರೆ?

ನಮ್ಮ ಕಡೆ ಡಿಶ್ಶಿಗೆ ಇಷ್ಟು ಮರ್ಯಾದೆ ಬಂದದ್ದು ಊರುಗಳ ರಚನೆಯಿಂದ. ತೋಟಕ್ಕೊಂದು ಮನೆ, ಎರಡು ಮನೆಗಳ ನಡುವೆ ಒಂದು ಗುಡ್ಡ. ಒಂದೇ ಮನೆಯ ತಿಂಗಳ ಬಾಡಿಗೆಗಾಗಿ ಯಾವ ಕೇಬಲ್‌ನವನೂ ಕಾಡಿನಲ್ಲಿ ತಂತಿ ಎಳೆಯಲಾರ. 2003ರಲ್ಲಿ ಡಿಶ್ ಟಿವಿ, 2004ರ ಕೊನೆಗೆ ದೂರದರ್ಶನದ ಪುಕ್ಕಟೆ ಸೇವೆ, 2006ರಲ್ಲಿ ಟಾಟಾ ಸ್ಕೈ, ಮುಂದೆ ಸನ್ ಡೈರೆಕ್ಟ್, ಏರ್‌ಟೆಲ್ ಎಂದು ಒಂದೊಂದಾಗಿ ಬಂದ ಮೇಲೆ ಹಂಚಿನ ಮಾಡಿಗೊಂದು ಛತ್ರಿ ಅರಳಿತು.

ಈ ಸಲ ಮಾತು ದೀಪಾವಳಿ ದಾಟಿಯೂ ಬದುಕಿದ್ದಕ್ಕೆ ಅಪ್ಪಯ್ಯ ಕಾರಣ. ರಾತ್ರಿ ಚಂದನದ ‘ಥಟ್ ಅಂತ ಹೇಳಿ’ ನೋಡುವ ಹೊತ್ತಿಗೆ ಸರಿಯಾಗಿ ಅಮ್ಮನ ಧಾರಾವಾಹಿ ಇರುತ್ತದೆ. ಸ್ಪರ್ಧಿಗಿಂತ ಮೊದಲು ಉತ್ತರ ಹೇಳುವುದು ಅವರ ನಿವೃತ್ತ ಜೀವನದ ಏಕೈಕ ಪೈಪೋಟಿ. ಅದನ್ನು ಜಾಹೀರಾತಿನ ಬಿಡುವಿನಲ್ಲಿ ತುಣುಕು ತುಣುಕಾಗಿ ಆಡಲಿಕ್ಕಾಗುವುದಿಲ್ಲ. ತಮ್ಮ ಕೋಣೆಗೇ ಒಂದು ಟಿವಿ ಬೇಕೆಂದರು. ಹಳೆಯ ಕಂಪನಿಗೆ ಫೋನು ಮಾಡಿ ಎರಡನೆಯ ಬಾಕ್ಸಿನ ದರ ಕೇಳಿದರೆ, ಅದಕ್ಕಿಂತ ಕಡಿಮೆಗೆ ಇನ್ನೊಂದು ಕಂಪನಿ ಛತ್ರಿ, ಬಾಕ್ಸು, ಜೋಡಣೆ ಎಲ್ಲ ಸೇರಿಸಿ ಹೊಸ ಸಂಪರ್ಕವನ್ನೇ ಕೊಡುತ್ತಿತ್ತು. ಹೊಸ ಗಿರಾಕಿಗೆ ಹೊಸ ಅಳಿಯನ ಉಪಚಾರ, ಹಳೆಯ ಗಿರಾಕಿಗೆ ಮನೆಅಳಿಯನ ಗತಿ. ಬಿಟ್ಟದ್ದು ಯಾವುದು, ಹಿಡಿದದ್ದು ಯಾವುದು ಎಂದು ಮಾತ್ರ ಹೇಳಲಾರೆ. ಎರಡರ ಏಜೆಂಟರೂ ಪೇಟೆಯಲ್ಲಿ ದಿನಾ ಎದುರಾಗುವವರು.

ಫೋನಾದರೆ ನಂಬರು ಉಳಿಸಿಕೊಂಡೇ ಕಂಪನಿ ಬದಲಿಸಬಹುದು. ಡಿಶ್ಶಿಗೆ ಆ ಸೌಭಾಗ್ಯವಿಲ್ಲ. ಒಂದೇ ಬಾಕ್ಸು ಎಲ್ಲ ಕಂಪನಿಗಳಿಗೂ ನಡೆಯುವಂತಾಗಲಿ ಎಂದು 2020ರಲ್ಲೇ ಟ್ರಾಯ್ ಶಿಫಾರಸು ಮಾಡಿತ್ತು; ಆ ಶಿಫಾರಸು ನಮ್ಮ ಮನೆಯವರೆಗೆ ಬಂದಿಲ್ಲ. ಬಾಕ್ಸು ಬದಲು, ರಿಮೋಟು ಬದಲು, ಕಡೆಗೆ ನೋಡುವ ದಿಕ್ಕೂ ಬದಲು. ಒಬ್ಬೊಬ್ಬರ ಉಪಗ್ರಹ ಒಂದೊಂದು ಜಾಗದಲ್ಲಿ ಕೂತಿದೆ: ಟಾಟಾದವರದು 83 ಡಿಗ್ರಿ ಪೂರ್ವ ರೇಖಾಂಶದಲ್ಲಿ, ಫ್ರೀ ಡಿಶ್ ಮತ್ತು ಸನ್ ಡೈರೆಕ್ಟಿನವು 93.5ರಲ್ಲಿ, ಡಿಶ್ ಟಿವಿಯದು 95ರಲ್ಲಿ, ಏರ್‌ಟೆಲಿನದು 108.2ರಲ್ಲಿ. ನಾವಿರುವುದು 75ರಲ್ಲಿ. ಹಾಗಾಗಿ ಮೊದಲನೆಯದರ ಛತ್ರಿ ತೆಂಕಣದ ಕಡೆಗೆ ತಲೆಯೆತ್ತಿ ನಿಂತರೆ, ಕೊನೆಯದರದು ಮೂಡಣಕ್ಕೆ ಬಾಗಿ ತೋಟದಾಚೆ ಇಣುಕುತ್ತದೆ. ಇದನ್ನೆಲ್ಲ ಅಪ್ಪಯ್ಯನಿಗೆ ವಿವರಿಸಿದೆ. ಅವರು ಕಣ್ಣು ಮುಚ್ಚಿ ಕೇಳಿ, “ನೂರೆಂಟು ಒಳ್ಳೆ ಸಂಖ್ಯೆ” ಎಂದರು.

ಛತ್ರಿ ಇಡಲು ಬಂದ ಹುಡುಗ ಮಾಡಿನ ಮೇಲೆ ಹತ್ತಿ ಫೈಂಡರ್ ಹಿಡಿದು ಸುತ್ತಲೂ ನೋಡಿ, “ಸಾರ್, ಹಲಸಿನ ಮರ ಅಡ್ಡ ಬರ್ತದೆ. ಆ ಒಂದು ಟೊಂಗೆ ತೆಗೆದ್ರೆ ಆಯ್ತು” ಅಂದ. ಅಮ್ಮ ಒಳಗಿನಿಂದಲೇ, “ತಮಾ, ಅದು ಬಕ್ಕೆ ಹಲಸು. ಟೊಂಗೆ ಮುಟ್ಟೀಯ, ಏಣಿ ತೆಗೆಸಿಬಿಡ್ತೆ” ಎಂದಳು. ಛತ್ರಿ ಬಚ್ಚಲ ಮನೆಯ ಮಾಡಿಗೆ ವರ್ಗವಾಯಿತು. ಪುಕ್ಕಟೆ ಕೊಡುವ ತಂತಿ ಹತ್ತು ಮೀಟರು. ಬಚ್ಚಲ ಮನೆಯಿಂದ ಜಗಲಿಗೆ ಅದರ ಮೂರು ಪಟ್ಟು ಬೇಕು.

ಅಷ್ಟರಲ್ಲಿ ಎರಡು ಟಿವಿಯ ಯೋಜನೆ ಮೂರಕ್ಕೆ ಬೆಳೆದಿತ್ತು. ಅಡುಗೆಮನೆಗೂ ಒಂದಿರಲಿ, ಹಳೆಯ ಸಣ್ಣ ಟಿವಿ ಹೇಗೂ ಅಟ್ಟದ ಮೇಲಿದೆಯಲ್ಲ ಎಂದು ನನ್ನ ಹೆಂಡತಿ ಹೇಳಿದಳು. ಮೂರು ಟಿವಿ ಅಂದರೆ ಮೂರು ಬಾಕ್ಸು, ಛತ್ರಿಯಿಂದಲೇ ಮೂರು ತಂತಿ. ಒಂದೇ ತಂತಿ ತಂದು ಒಳಗೆ ಕವಲೊಡೆಸಬಾರದೇ ಎಂದು ಎಲ್ಲರಿಗೂ ತೋರುತ್ತದೆ. ನಲ್ಲಿ ನೀರಿಗೆ ನಡೆಯುವ ಈ ಉಪಾಯ ಇಲ್ಲಿ ಕೈಕೊಡುತ್ತದೆ. ಬಾಕ್ಸು ಸುಮ್ಮನೆ ಕೂತು ತೆಗೆದುಕೊಳ್ಳುವ ಪೈಕಿಯದಲ್ಲ. ಅದೇ ತಂತಿಯಲ್ಲಿ ಮೇಲಕ್ಕೆ ವಿದ್ಯುತ್ತು ಕಳಿಸಿ ಛತ್ರಿಯ ಮೂತಿಗೆ, ಅಂದರೆ ಎಲ್‌ಎನ್‌ಬಿಗೆ, ಆಜ್ಞೆ ಮಾಡುತ್ತದೆ: 13 ವೋಲ್ಟ್ ಕೊಟ್ಟರೆ ಲಂಬ ಅಲೆ ಕೊಡು, 18 ಕೊಟ್ಟರೆ ಅಡ್ಡ ಅಲೆ ಕೊಡು. ಒಂದೇ ತಂತಿಗೆ ಇಬ್ಬರು ಯಜಮಾನರಾದರೆ ಅಪ್ಪಯ್ಯ ಚಾನೆಲ್ ತಿರುಗಿಸಿದ್ದಕ್ಕೆ ಅಮ್ಮನ ಧಾರಾವಾಹಿ ಮಾಯವಾಗಬಹುದು. ಅದಕ್ಕೇ ನಾಲ್ಕು ಬಾಯಿಯ ಎಲ್‌ಎನ್‌ಬಿ ಎಂದು ಬರುತ್ತದೆ. ಹುಡುಗ ಮೊದಲು, “ಸ್ಪ್ಲಿಟರ್ ಹಾಕ್ತೆ ಸಾರ್, ಏನೂ ಆಗೂದಿಲ್ಲ” ಎಂದ. ‘ಏನೂ ಆಗುವುದಿಲ್ಲ’ ಎಂದು ಏಣಿಯ ಮೇಲಿಂದ ಹೇಳುವವರನ್ನು ನಾನು ನಂಬುವುದಿಲ್ಲ. ನಾಲ್ಕು ಬಾಯಿಯದನ್ನೇ ತರಿಸಿದೆ.

ಆಮೇಲೆ ಅವನು ಡ್ರಿಲ್ಲು ಹಿಡಿದು ಕೇಳಿದ ಪ್ರಶ್ನೆಗೆ ಮನೆಯಲ್ಲಿ ಯಾರ ಬಳಿಯೂ ಉತ್ತರವಿರಲಿಲ್ಲ.

“ತೂತು ಎಲ್ಲಿ ಕೊರೀಲಿ?”

ಕಂಪನಿಯನ್ನು ವರ್ಷ ವರ್ಷ ಬದಲಿಸಬಹುದು. ಗೋಡೆಯ ತೂತು ಮಾತ್ರ ಮೊಮ್ಮಕ್ಕಳ ಕಾಲಕ್ಕೂ ಇರುವಂಥದು. ಆದರೂ ಜನ ತಿಂಗಳುಗಟ್ಟಲೆ ಪ್ಯಾಕಿನ ದರ ತಾಳೆ ನೋಡುತ್ತಾರೆ, ತೂತನ್ನು ಒಂದು ನಿಮಿಷದಲ್ಲಿ ತೀರ್ಮಾನಿಸುತ್ತಾರೆ. ತೂತು ತಪ್ಪಿಸಲು ಕಿಟಕಿಯ ಸಂದಿಯಲ್ಲಿ ತಂತಿ ಎಳೆದ ಮನೆಗಳನ್ನು ಕಂಡಿದ್ದೇನೆ. ಆ ಕಿಟಕಿ ಮತ್ತೆ ಪೂರ್ತಿ ಮುಚ್ಚಿದ್ದಿಲ್ಲ, ಸೊಳ್ಳೆಗಳಿಗೆ ಅದು ಹೆಬ್ಬಾಗಿಲು. ನಮ್ಮದು ಜಂಬಿಟ್ಟಿಗೆಯ ಒಂದೂವರೆ ಅಡಿ ಗೋಡೆ. ಅಪ್ಪಯ್ಯನ ಕೋಣೆಗೆ ಹತ್ತಿರದ ದಾರಿ ದೇವರ ಕೋಣೆಯೊಳಗಿಂದ. ಅಪ್ಪಯ್ಯನಿಗೆ ಅಭ್ಯಂತರವಿರಲಿಲ್ಲ, ಚಂದನ ಸಾತ್ವಿಕ ಚಾನೆಲ್ ಎಂದು ವಾದಿಸಿದರು. ಅಡುಗೆಮನೆಗೆ ಹೋಗುವ ತಂತಿಯೂ ಅದೇ ದಾರಿಯಲ್ಲಿ ಹೋಗಬೇಕಲ್ಲ, ಅದರೊಳಗೆ ಏನೇನು ಹರಿಯುತ್ತದೆ ಎಂದು ಅಮ್ಮ ಕೇಳಿದ ಮೇಲೆ ಸುಮ್ಮನಾದರು. ಕೊನೆಗೆ ತಂತಿಗಳು ಅಟ್ಟ ಹತ್ತಿ ಇಳಿದವು. ಅಟ್ಟದ ಇಲಿಗಳಿಗೆ ತಂತಿಯ ಪ್ಲಾಸ್ಟಿಕ್ಕು ಬಹಳ ಇಷ್ಟ, ಆದ್ದರಿಂದ ಅಷ್ಟುದ್ದಕ್ಕೂ ಪಿವಿಸಿ ಪೈಪು. ಗೋಡೆಯ ತೂತನ್ನು ಹೊರಕ್ಕೆ ಇಳಿಜಾರಾಗಿ ಕೊರೆಸಿದೆವು. ಒಳಗೆ ಹೋಗುವ ಮುನ್ನ ತಂತಿಯನ್ನು ತೂತಿಗಿಂತ ಕೆಳಗೆ ಜೋತುಬಿಟ್ಟು ಮೇಲಕ್ಕೆ ತಿರುಗಿಸಿದೆವು. ಇಲ್ಲವಾದರೆ ನಮ್ಮ ಮಳೆ ತಂತಿ ಹಿಡಿದುಕೊಂಡು ನೇರ ಒಳಗೆ ಬಂದು ಟಿವಿ ಎದುರೇ ಕೂರುತ್ತದೆ.

ಚಾನೆಲ್ ಆಯ್ಕೆಯ ಪುರಾಣ ಉದ್ದವಿಲ್ಲ. 2019ರಿಂದ ಬೇಕಾದ ಚಾನೆಲ್‌ಗಷ್ಟೇ ದುಡ್ಡು ಎಂಬ ನಿಯಮ ಬಂದ ಮೇಲೆ ಕಾಗದದ ಮೇಲೆ ಎಲ್ಲರೂ ಸ್ವತಂತ್ರರು. ಒಂದೊಂದನ್ನೇ ಆರಿಸಿ ಕೂಡಿಸಿದರೆ ಪ್ಯಾಕಿಗಿಂತ ಹೆಚ್ಚಾಗುತ್ತದೆ, ಪ್ಯಾಕು ತೆಗೆದುಕೊಂಡರೆ ಯಾರೂ ನೋಡದ ಚಾನೆಲ್‌ಗಳು ಬೆನ್ನು ಹತ್ತಿ ಬರುತ್ತವೆ. ಜಗಲಿಯ ದೊಡ್ಡ ಟಿವಿಗೆ ಎಚ್‌ಡಿ, ಉಳಿದೆರಡಕ್ಕೆ ಸಾದಾ ಎಂದು ತೀರ್ಮಾನವಾಯಿತು.

ಮೂರು ಟಿವಿ ಬಂದ ಮೇಲೆ ಮನೆಯಲ್ಲಿ ಕೆಲಸ ಹೆಚ್ಚಿದೆ. ಚೈತ್ರ ವೈಶಾಖದ ಸಂಜೆ ಮೊದಲ ಗುಡುಗಿಗೆ ಡಿಶ್ಶಿನ ಪಿನ್ನು ಕೀಳುವುದು ಮಲೆನಾಡಿನ ಎಲ್ಲ ಮನೆಗಳ ಪದ್ಧತಿ. ಸಿಡಿಲು ತಂತಿ ಹಿಡಿದು ಬಂದರೆ ಬಾಕ್ಸೂ ಹೋಯಿತು, ಟಿವಿಯೂ ಹೋಯಿತು. ಮೊದಲು ಇದಕ್ಕೆ ಒಬ್ಬರು ಎದ್ದರೆ ಸಾಕಿತ್ತು. ಈಗ ಮೂರು ದಿಕ್ಕಿಗೆ ಮೂವರು ಓಡುತ್ತಾರೆ. ಮಂಗಗಳ ಲೆಕ್ಕ ಬೇರೆ. ಛತ್ರಿಯ ತೋಳಿನ ಮೇಲೆ ಒಂದು ಮಂಗ ಕೂತೆದ್ದರೆ ಒಂದೆರಡು ಡಿಗ್ರಿ ವಾಲುತ್ತದೆ, ಅಷ್ಟಕ್ಕೇ ಉಪಗ್ರಹ ಕೈತಪ್ಪುತ್ತದೆ. ಹಳೆಯ ಛತ್ರಿಯನ್ನು ಕಂಪನಿಯವರು ಒಯ್ಯಲಿಲ್ಲ. ಅಮ್ಮ ಅದನ್ನು ತೊಳೆದು ಬಿಸಿಲಿಗಿಟ್ಟು ಅದರಲ್ಲಿ ಸೂಜಿಮೆಣಸು ಒಣಗಿಸುತ್ತಾಳೆ.

ಯಾರೂ ಯೋಜಿಸದ ಸಂಗತಿಯೊಂದು ಕ್ರಿಕೆಟ್ಟಿನ ದಿನ ಗೊತ್ತಾಯಿತು. ನಮ್ಮಲ್ಲಿ ಎಚ್‌ಡಿ ಚಿತ್ರ ಸಾದಾ ಚಿತ್ರಕ್ಕಿಂತ ಒಂದೆರಡು ಸೆಕೆಂಡು ತಡವಾಗಿ ಬರುತ್ತದೆ. ಜಗಲಿಯಲ್ಲಿ ನಾವು ದೊಡ್ಡ ಪರದೆಯೆದುರು ಉಸಿರು ಬಿಗಿಹಿಡಿದು ಬೌಲರ್ ಓಡಿ ಬರುವುದನ್ನು ನೋಡುತ್ತಿರುವಾಗ ಒಳಗಿನ ಕೋಣೆಯಿಂದ ಅಪ್ಪಯ್ಯನ ದನಿ ಬರುತ್ತದೆ: “ಹೋದ!” ಆಮೇಲೆ ಇಲ್ಲಿ ಚೆಂಡು ಬೀಳುತ್ತದೆ, ಆಮೇಲೆ ವಿಕೆಟ್ಟು. ಅವರ ಟಿವಿಗೂ ಎಚ್‌ಡಿ ಹಾಕಿಸೋಣವೆಂದು ಮಗ ನಾಲ್ಕು ಸಲ ಹೇಳಿದ್ದಾನೆ, ಹೆಚ್ಚಿನ ದುಡ್ಡು ನಾನೇ ಕೊಡುತ್ತೇನೆಂದೂ ನಾನು ಹೇಳಿ ನೋಡಿದ್ದೇನೆ. ಅಪ್ಪಯ್ಯ ಒಪ್ಪುವುದಿಲ್ಲ. ದುಂದು ಬೇಡವಂತೆ.