ಮಹಿಷಾಸುರ ಸತ್ತನಾ, ಅಜ್ಜಿ?

ಮೊದಲೇ ತಪ್ಪೊಪ್ಪಿಕೊಂಡುಬಿಡುತ್ತೇನೆ. ಬಂಟ್ವಾಳ ತಾಲೂಕಿನ ಸಿದ್ಧಕಟ್ಟೆಯ ಆಸುಪಾಸಿನಲ್ಲಿ ಬೆಳೆದು, ಲೆಕ್ಕವಿಲ್ಲದಷ್ಟು ‘ದೇವಿಮಹಾತ್ಮೆ’ ಯಕ್ಷಗಾನದ ಆಟಗಳಿಗೆ ಹೋಗಿಯೂ ನಾನು ಮಹಿಷಾಸುರನ ವಧೆಯನ್ನು ನೆಟ್ಟಗೆ ನೋಡಿದವನಲ್ಲ. ಮಧು–ಕೈಟಭರು ಗೊತ್ತು, ಅವರು ಬರುವಾಗ ನಾನು ಎಚ್ಚರ ಇರುತ್ತಿದ್ದೆ. ರಕ್ತಬೀಜನೂ ಗೊತ್ತು, ಬೆಳಗಿನ ಜಾವ ಅವನ ಅಬ್ಬರಕ್ಕೇ ಏಳುತ್ತಿದ್ದೆ. ನಡುವೆ ಒಬ್ಬ ಹುಟ್ಟಿ, ಬೆಳೆದು, ಸ್ವರ್ಗ ಗೆದ್ದು, ಸತ್ತೂ ಹೋಗಿರುತ್ತಿದ್ದ. ಕಣ್ಣುಜ್ಜಿಕೊಂಡು ಕೇಳುತ್ತಿದ್ದೆ: “ಮಹಿಷಾಸುರ ಸತ್ತನಾ, ಅಜ್ಜಿ?”

“ಸತ್ತ ಮಾರಾಯ. ನೀನು ಮಲಗು.”

ನೀವೂ ಚಾಪೆಯ ಮೇಲೆ ಹೀಗೆಯೇ ಪುರಾಣ ಕಲಿತವರಾದರೆ ನನ್ನ ಸಂಕಟ ಅರ್ಥವಾದೀತು. ಅಜ್ಜಿಯ ಸಂಗತಿ ಬೇರೆ. ವೇಣೂರಿನ ಗೊಮ್ಮಟ 1604ರಿಂದ ಕಣ್ಣು ಮಿಟುಕಿಸದೆ ನಿಂತಿದ್ದಾನಲ್ಲ, ಅಜ್ಜಿ ಅವನ ಪಂಗಡ. ಚೌಕಿಯಲ್ಲಿ ಗಣಪತಿ ಪೂಜೆ ಆದಲ್ಲಿಂದ ಬೆಳಿಗ್ಗೆ ಮಂಗಳ ಹಾಡುವವರೆಗೆ ಒಂದು ಆಕಳಿಕೆ ಇಲ್ಲ. ಅವಳ ಭೂಗೋಳವೂ ಆಟದ್ದೇ. ಬೆಳ್ತಂಗಡಿಯೆಂದರೆ ಧರ್ಮಸ್ಥಳ ಮೇಳ. ಮೂಡುಬಿದಿರೆಯೆಂದರೆ ಬೇರೆಯವರಿಗೆ ಸಾವಿರ ಕಂಬದ ಬಸದಿ, ಅಜ್ಜಿಗೆ ಬಲಿಪ ನಾರಾಯಣ ಭಾಗವತರ ಮಾರೂರು. ಐದು ದಿನ ಆಡುವಷ್ಟು ಉದ್ದದ ‘ದೇವಿಮಹಾತ್ಮೆ’ ಪ್ರಸಂಗವನ್ನೇ ಬರೆದ ಆ ಬಲಿಪರ ಏರುಸ್ವರದ ಪದ್ಯಕ್ಕೆ ಅಜ್ಜಿ ತೊಡೆಯ ಮೇಲೆ ತಾಳ ಹಾಕುತ್ತಿದ್ದಳು. ಆ ತೊಡೆಯ ಮೇಲೆ ಇರುತ್ತಿದ್ದುದು ನನ್ನ ತಲೆ. ಅದರಲ್ಲಿ ತಾಳಜ್ಞಾನವೊಂದು ಬಿಟ್ಟು ಬೇರೆಲ್ಲ ಅಲುಗಾಡಿಹೋದದ್ದು ಹಾಗೆಯೇ ಇರಬೇಕು.

ನಮ್ಮ ಮನೆಯ ಹರಕೆಯ ಆಟಕ್ಕೆ ಕಟೀಲು ಮೇಳ ಬಂದ ವರ್ಷ ಪಣ ತೊಟ್ಟೆ: ಈ ಸಲ ನಿದ್ದೆ ಇಲ್ಲ. ನಾಲ್ಕು ಗ್ಲಾಸು ಚಾ ಕುಡಿದು ಕೂತೆ. ಕೂತದ್ದೇನೋ ಸರಿ, ಆದರೆ ಮಹಿಷಾಸುರ ರಂಗಸ್ಥಳದ ಹಿಂದಿನಿಂದ ಬರುವುದಿಲ್ಲ, ಪ್ರೇಕ್ಷಕರ ಹಿಂದಿನಿಂದ ಬರುತ್ತಾನೆ ಎಂದು ಈ ನಿದ್ದೆಬುರುಕನಿಗೆ ಯಾರು ಹೇಳಬೇಕು? ಬೆನ್ನ ಹಿಂದೆ ಒಂದು ಆರ್ಭಟ. ತಿರುಗಿದರೆ ದೀವಟಿಗೆ, ರಾಳದ ಹುಡಿಗೆ ಭುಗ್ಗೆಂದ ಬೆಂಕಿ, ಅದರ ನಡುವೆ ಎರಡು ಕೋಡು! ಓಡಿಹೋಗಿ ಅಜ್ಜಿಯ ಸೆರಗಿನೊಳಗೆ ಹೊಕ್ಕೆ. ಬೆಳಕು ಹರಿದಾಗ ನೋಡಿದರೆ ಸೆರಗಿನ ಬಣ್ಣ ಬೇರೆ, ಅಜ್ಜಿಯೂ ಬೇರೆ. ಯಾವುದೋ ಊರಿನ ಆ ತಾಯಿ ಇಡೀ ರಾತ್ರಿ ನನ್ನನ್ನು ಮಡಿಲಲ್ಲಿಟ್ಟುಕೊಂಡು ಆಟ ನೋಡಿದ್ದರು. ಮಹಿಷಾಸುರ ಸತ್ತನೇ ಎಂದು ಅವರನ್ನು ಕೇಳಲು ನಾಚಿಕೆಯಾಯಿತು.

ಪತ್ತನಾಜೆಗೆ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಅಜ್ಜಿಗೆ ಮಳೆಗಾಲ ಕಳೆಯುವುದು ಕಷ್ಟ. ಹಾಗಾಗಿ ನಮ್ಮ ಚಾವಡಿಯಲ್ಲೇ ತಾಳಮದ್ದಳೆ. ಪ್ರಸಂಗ ‘ಕೃಷ್ಣಸಂಧಾನ’. ಧರ್ಮರಾಯ ನನ್ನ ಸೋದರಮಾವ, ಸಹದೇವ ನಾನು. ನನಗಿದ್ದದ್ದು ಒಂದೇ ವಾಕ್ಯ: “ಅಣ್ಣಾ, ನಿನ್ನ ಮಾತೇ ನನ್ನ ಮಾತು.” ಮೂರು ವಾರ ಹಟ್ಟಿಯ ದನಗಳ ಎದುರು ಅಭ್ಯಾಸ ಮಾಡಿದ್ದೆ. ಸಭೆಯಲ್ಲಿ ಮಾವನ ಮುಖ ನೋಡಿದ್ದೇ ಬಾಯಿಗೆ ಬಂದದ್ದು, “ಮಾವಾ, ನಿಮ್ಮ ಮಾತೇ ನನ್ನ ಮಾತು.” ಚಾವಡಿ ಗಪ್‌ಚಿಪ್. ಧರ್ಮರಾಯ ಸಹದೇವನಿಗೆ ಮಾವನಾದರೆ ಕುಂತಿ ಯಾರಿಗೆ ಏನಾಗಬೇಕು? ತಿದ್ದಲು ಹೋಗಿ “ಅಲ್ಲಲ್ಲ, ಅಣ್ಣನಂಥ ಮಾವ” ಎಂದೆ. ವ್ಯಾಸರು ಕಷ್ಟಪಟ್ಟು ಹೆಣೆದ ವಂಶವೃಕ್ಷ ಒಂದೇ ನಿಮಿಷದಲ್ಲಿ ಬುಡಸಮೇತ ಮಗುಚಿತು.

ಅಜ್ಜಿ ಎದೆಗುಂದಲಿಲ್ಲ. “ಅವನಿಗೆ ಮಾತಿಲ್ಲದ ವೇಷ ಕೊಡಿ” ಎಂದಳು. ಊರ ಹವ್ಯಾಸಿಗಳ ‘ದೇವಿಮಹಾತ್ಮೆ’ಯಲ್ಲಿ ನಾನು ದೇವಿಯ ಸಿಂಹವಾದೆ. ಸಿಂಹಕ್ಕೆ ಅರ್ಥವಿಲ್ಲ, ಪದ್ಯವಿಲ್ಲ, ಮಾವನೂ ಇಲ್ಲ. ಇನ್ನೇನು ತಪ್ಪಲು ಸಾಧ್ಯ? ನನಗಾಗಿಯೇ ಹೊಲಿದ ಹಾಗಿದ್ದ ಪಾತ್ರ. ಹೊಲಿಗೆ ಮಾತ್ರ ಬಿಗಿಯಾಗಿತ್ತು, ಒಳಗೆ ಬೆಚ್ಚಗಿತ್ತು. ಚೌಕಿಯ ಮೂಲೆಯಲ್ಲಿ ಮುಖವಾಡ ಹಾಕಿಕೊಂಡು ಸರದಿ ಕಾಯುತ್ತಾ ಕೂತವನಿಗೆ, ನೀವು ಊಹಿಸಿದಂತೆಯೇ, ನಿದ್ದೆ ಬಂತು.

ಯಾರೋ ದಬ್ಬಿದರು. ಚೆಂಡೆ ತಲೆಯೊಳಗೇ ಬಡಿಯುತ್ತಿತ್ತು. ನಾನು ಎಲ್ಲಿದ್ದೇನೆ, ಯಾರು, ಎಷ್ಟು ಕಾಲಿನವನು ಎಂದು ತಿಳಿಯುವ ಮೊದಲೇ ರಂಗಸ್ಥಳದಲ್ಲಿದ್ದೆ. ಮುಖವಾಡದ ತೂತಿನಲ್ಲಿ ಕಂಡದ್ದು ಇಷ್ಟೇ: ಬೆಂಕಿ, ಎರಡು ಕೋಡು. ಆಮೇಲೆ ಆರ್ಭಟ. ದೇವಿ ಮಹಿಷಾಸುರನನ್ನು ಅಟ್ಟಬೇಕು, ಸಿಂಹ ಅವನ ಮೇಲೆ ಹಾರಬೇಕು. ಸಿಂಹ ಹಾರಿತು, ಆದರೆ ಸಭೆಯ ಕಡೆಗೆ. ಎರಡು ಸಾಲು ಕುರ್ಚಿ ದಾಟಿ, ಬಾಲವನ್ನು ಮೂರನೇ ಸಾಲಿನಲ್ಲಿ ಸಿಕ್ಕಿಸಿಕೊಂಡು ಕಿತ್ತುಕೊಂಡು, ಸೀದಾ ಅಜ್ಜಿಯ ಸೆರಗು ಹಿಡಿಯಿತು. ಈ ಸಲ ಅಜ್ಜಿ ತಪ್ಪಲಿಲ್ಲ, ಅದೊಂದೇ ಪ್ರಗತಿ. ಅತ್ತ ದೇವಿ ವಾಹನವಿಲ್ಲದೆ ಯುದ್ಧಕ್ಕೆ ನಿಂತಿದ್ದಳು. ಇತ್ತ ಅಜ್ಜಿ ಒಂದಿಷ್ಟೂ ವಿಚಲಿತಳಾಗದೆ ಕಾಗದದ ಪೊಟ್ಟಣ ಮುಂದೆ ಹಿಡಿದಳು: “ಎಂತ, ಹಸಿವಾಯಿತಾ? ಚರುಮುರಿ ತಿಂದು ಹೋಗು.” ಸಭೆಗೆ ಸಭೆಯೇ ಚಪ್ಪಾಳೆ ಹೊಡೆಯಿತು. ಅದು ಪ್ರಸಂಗದಲ್ಲೇ ಇರುವ ಹಾಸ್ಯ ಎಂದು ಹಲವರು ಇವತ್ತಿಗೂ ನಂಬಿದ್ದಾರೆ, ನಾನು ತಿದ್ದಿಲ್ಲ.

ಅಜ್ಜಿ ಈಗಿಲ್ಲ. ಇಡೀ ರಾತ್ರಿಯ ಆಟಗಳೂ ಕಡಿಮೆಯಾಗಿ, ಕಾಲಮಿತಿ ಬಂದಿದೆ. ಸಂಜೆ ಶುರುವಾದರೆ ನಡುರಾತ್ರಿಗೆ ಮೊದಲೇ ಮಂಗಳ. ನನ್ನಂಥವರಿಗಾಗಿಯೇ ಮಾಡಿದ ಏರ್ಪಾಡು ಎಂದುಕೊಂಡು ಮೊನ್ನೆ ಮಗಳನ್ನು ಕರೆದುಕೊಂಡು ಹೋದೆ. ಚಾಪೆ ಬೇಡವೆಂದು ಕುರ್ಚಿ ಹಿಡಿದೆ. ಮಧು–ಕೈಟಭರು ಬಂದರು, ಹೋದರು. ಯಾರೋ ಭುಜ ಅಲುಗಾಡಿಸಿದರು.

“ಅಪ್ಪಾ, ಮಹಿಷಾಸುರ...”

“ಸತ್ತ ಮಾರಾಯ್ತಿ,” ಎಂದೆ, ಕಣ್ಣು ತೆರೆಯದೆ, ಅಜ್ಜಿಯದೇ ಗತ್ತಿನಲ್ಲಿ. “ನೀನು ಮಲಗು.”

“ಸತ್ತಿಲ್ಲ ಅಪ್ಪಾ, ಈಗ ಬರ್ತಾ ಇದ್ದಾನೆ! ಹಿಂದೆ ನೋಡು!”

ಬೆನ್ನ ಹಿಂದೆ ರಾಳ ಭುಗ್ಗೆಂದಿತು. ಕೈ ತಾನಾಗಿಯೇ ಸೆರಗು ಹುಡುಕಿತು. ಸಿಕ್ಕಿದ್ದು ಮಗಳ ಲಂಗದ ಅಂಚು, ಅದನ್ನೇ ಬಿಗಿಯಾಗಿ ಹಿಡಿದುಕೊಂಡೆ. ಅವಳು ರಂಗಸ್ಥಳದಿಂದ ಕಣ್ಣು ಕೀಳದೆ ಚರುಮುರಿಯ ಪೊಟ್ಟಣವನ್ನು ನನ್ನ ಕಡೆ ಸರಿಸಿದಳು.