ವಾಗ್ದಾನ ನನಗೆ, ಆಜ್ಞೆ ಪಕ್ಕದ ಮನೆಗೆ

ಡಿಸೆಂಬರ್ 31ರ ರಾತ್ರಿ ವಾಚ್‌ನೈಟ್ ಆರಾಧನೆ ಮುಗಿಯುತ್ತಿದ್ದಂತೆ ನಮ್ಮ ಎಷ್ಟೋ ಸಭೆಗಳಲ್ಲಿ ಒಂದು ಸ್ಟೀಲ್ ತಟ್ಟೆ ಹೊರಬರುತ್ತದೆ. ಗಾಬರಿಯಾಗಬೇಡಿ, ಕಾಣಿಕೆ ತಟ್ಟೆಯಲ್ಲ. ಇದು ಹಾಕುವ ತಟ್ಟೆಯಲ್ಲ, ಎತ್ತಿಕೊಳ್ಳುವ ತಟ್ಟೆ. ತುಂಬ ವಾಗ್ದಾನದ ಕಾರ್ಡುಗಳು. ಒಂದು ಮಗ್ಗುಲಲ್ಲಿ ಸೂರ್ಯೋದಯವೋ ಕುರಿಮರಿಯೋ, ಇನ್ನೊಂದರಲ್ಲಿ ಇಡೀ ವರ್ಷಕ್ಕೆ ನಿಮಗೆ ಲಾಗೂ ಆಗುವ ವಚನ. ಕಣ್ಣು ಮುಚ್ಚಿ ಒಂದನ್ನು ಎತ್ತಬೇಕು. ಸಂತೆಯಲ್ಲಿ ಗಿಣಿಶಾಸ್ತ್ರದವನನ್ನು ಕಂಡರೆ ‘ಅದೆಲ್ಲ ಅಂಧಕಾರದ ಕೆಲಸ’ ಎಂದು ಮಗುವಿನ ಕೈಹಿಡಿದು ಎಳೆದೊಯ್ಯುವವರೇ ಇಲ್ಲಿ ಸಾಲಿನ ಮುಂದೆ ನಿಂತಿರುತ್ತಾರೆ. ಇಲ್ಲಿ ಗಿಣಿ ಇಲ್ಲ, ಅಷ್ಟೇ ವ್ಯತ್ಯಾಸ. ಬಂದ ಕಾರ್ಡು ಮನಸ್ಸಿಗೆ ಒಪ್ಪದಿದ್ದರೆ ‘ಅಯ್ಯೋ, ಎರಡು ಅಂಟಿಕೊಂಡಿದ್ದವು’ ಎಂದು ಬದಲಾಯಿಸಿಕೊಳ್ಳಲೂಬಹುದು. ಗಿಣಿ ಅಷ್ಟು ಉದಾರಿಯಲ್ಲ.

ಬಲು ಗಿರಾಕಿಯಿರುವ ಕಾರ್ಡು ಧರ್ಮೋಪದೇಶಕಾಂಡ 28ರ 13ನೆಯದು. ನೀನು ತಲೆಯಾಗುತ್ತೀಯೇ ಹೊರತು ಬಾಲವಾಗುವುದಿಲ್ಲ ಎನ್ನುವ ಅರ್ಥದ್ದು. ಪ್ರಮೋಷನ್ನಿಗೆ ಕಾದು ಕೂತವರು ಇದನ್ನು ಎತ್ತಿ ಕಣ್ಣಿಗೊತ್ತಿಕೊಳ್ಳುತ್ತಾರೆ. ಆ ಅಧ್ಯಾಯದಲ್ಲಿರುವುದು 68 ವಚನ. ಮೊದಲ 14 ಆಶೀರ್ವಾದ, ಅದೂ ಮಾತು ಕೇಳಿ ನಡೆದರೆ ಮಾತ್ರ. ಉಳಿದ 54 ಶಾಪ. 44ನೆಯ ವಚನಕ್ಕೆ ಬರುವಷ್ಟರಲ್ಲಿ ತಲೆ-ಬಾಲ ಅದಲುಬದಲಾಗಿರುತ್ತದೆ. ಆ 54ರಲ್ಲಿ ಒಂದಾದರೂ ಕುರಿಮರಿಯ ಚಿತ್ರದೊಂದಿಗೆ ಅಚ್ಚಾದದ್ದನ್ನು ನಾನು ಕಂಡಿಲ್ಲ. ಕಾರ್ಡು ಅಚ್ಚು ಹಾಕುವವರೂ ಹೆಂಡತಿ ಮಕ್ಕಳಿರುವ ಜನವಲ್ಲವೇ.

ಇನ್ನು ಯೆರೆಮೀಯ 29ರ 11. ಒಳ್ಳೆಯ ಭವಿಷ್ಯದ ಭರವಸೆ ಕೊಡುವ ಈ ವಚನ ಕಪ್ಪಿನ ಮೇಲಿದೆ, ದಿಂಬಿನ ಮೇಲಿದೆ, ಕೆನಡಾ ವೀಸಾಕ್ಕೆ ಅರ್ಜಿ ಹಾಕಿದ ಹುಡುಗನ ವಾಟ್ಸ್ಆ್ಯಪ್ ಸ್ಟೇಟಸ್ಸಿನಲ್ಲಿದೆ. ಮೂಲದಲ್ಲಿ ಅದು ಬಾಬೆಲಿಗೆ ಸೆರೆ ಹೋದವರಿಗೆ ಪ್ರವಾದಿ ಬರೆದ ಪತ್ರ. ಅದರ ಹಿಂದಿನ ವಚನವೇ ವಾಯಿದೆಯನ್ನೂ ಹೇಳಿಬಿಡುತ್ತದೆ: 70 ವರ್ಷ. ಅಂದರೆ ಪತ್ರ ಓದಿದವರಲ್ಲಿ ಹೆಚ್ಚಿನವರು ಮಣ್ಣಾದ ಮೇಲೆ. ಅಲ್ಲಿಯವರೆಗೆ ಮನೆ ಕಟ್ಟಿ, ತೋಟ ಹಾಕಿ, ನಿಮ್ಮನ್ನು ಹಿಡಿದೊಯ್ದವರ ಊರಿನ ಕ್ಷೇಮಕ್ಕಾಗಿ ಪ್ರಾರ್ಥಿಸಿ ಎನ್ನುತ್ತದೆ ಆ ಪತ್ರ. ನಮ್ಮ ಹುಡುಗ ಎರಡು ತಿಂಗಳಿಗೇ ‘ದೇವರು ಯಾಕೆ ಸುಮ್ಮನಿದ್ದಾರೆ’ ಎಂದು ಉಪವಾಸ ಕೂಡುತ್ತಾನೆ. ಫಿಲಿಪ್ಪಿಯ 4:13ನ್ನು ಜಿಮ್ ಬನಿಯನ್ನಿನ ಮೇಲೆ ಹಾಕಿಸಿಕೊಂಡವನ ಕಥೆಯೂ ಇಷ್ಟೇ. ಪೌಲ ಅದನ್ನು ಬರೆದದ್ದು ಸೆರೆಮನೆಯಲ್ಲಿ, ಹೊಟ್ಟೆ ತುಂಬಿದರೂ ಹಸಿದಿದ್ದರೂ ತೃಪ್ತನಾಗಿರಲು ಕಲಿತಿದ್ದೇನೆ ಎಂದು ಹೇಳುತ್ತ. ಬೆಂಚ್‌ಪ್ರೆಸ್ಸಿನ ಸುದ್ದಿ ಅಲ್ಲಿಲ್ಲ.

ಸಂದರ್ಭ ಬಿಟ್ಟು ವಚನ ಹೇಳುವ ಈ ಕಲೆಗೆ ಮೂಲಪುರುಷನೂ ಇದ್ದಾನೆ. ಮತ್ತಾಯ 4ರಲ್ಲಿ ಸೈತಾನ ಯೇಸುವನ್ನು ದೇವಾಲಯದ ತುದಿಗೆ ಹತ್ತಿಸಿ, ಕೆಳಗೆ ಧುಮುಕು, ದೂತರು ಎತ್ತಿಕೊಳ್ಳುತ್ತಾರೆ ಎಂದು 91ನೆಯ ಕೀರ್ತನೆಯನ್ನೇ ಒಪ್ಪಿಸುತ್ತಾನೆ. ಪಾಪ, ಅಧ್ಯಾಯ-ವಚನದ ನಂಬರು ಹೇಳುವ ಸೌಕರ್ಯ ಅವನಿಗಿರಲಿಲ್ಲ. ಹೊಸ ಒಡಂಬಡಿಕೆಗೆ ಈಗಿನ ವಚನಸಂಖ್ಯೆ ಹಾಕಿದ್ದು ಮುದ್ರಕ ರಾಬರ್ಟ್ ಎಸ್ಟಿಯೆನ್, 1551ರಲ್ಲಿ. ಅದೇ ಕೀರ್ತನೆ ಈಗ ಬೈಕಿನ ಮುಂದೆ ಸ್ಟಿಕ್ಕರಾಗಿ ಅಂಟಿದೆ. ಸವಾರನ ತಲೆಯ ಮೇಲೆ ಹೆಲ್ಮೆಟ್ಟಿಲ್ಲ, ಎದುರಿಗೆ ಒನ್‌ವೇ ಬೋರ್ಡು. ದೂತರಿಗೆ ಓವರ್‌ಟೈಮ್.

ವಾಗ್ದಾನಗಳ ಪಾಡು ಹೀಗಾದರೆ ಆಜ್ಞೆಗಳದ್ದು ಬೇರೆಯೇ ಲೆಕ್ಕ. ಅವನ್ನು ನಾವು ಯಾವತ್ತೂ ನಮಗೆಂದು ಇಟ್ಟುಕೊಂಡವರಲ್ಲ, ಉದಾರವಾಗಿ ಹಂಚಿಬಿಡುತ್ತೇವೆ. ಎಫೆಸ 5ರ 22ನೆಯ ವಚನ, ಹೆಂಡತಿ ಗಂಡನಿಗೆ ಅಧೀನಳಾಗಿರಬೇಕು ಎನ್ನುವುದು, ಬೈಬಲನ್ನು ಬಿಚ್ಚದ ಗಂಡಸಿಗೂ ಬಾಯಿಪಾಠ. ಮೂರು ವಚನ ಕೆಳಗೆ ಗಂಡನ ಪಾಲಿನದಿದೆ: ಕ್ರಿಸ್ತನು ಸಭೆಗಾಗಿ ಪ್ರಾಣ ಕೊಟ್ಟಂತೆ ನೀನೂ ಪ್ರೀತಿಸು ಎಂದು. ಅಷ್ಟು ದೂರ ಓದುವಷ್ಟರಲ್ಲಿ ಕಾಫಿ ಆರಿಹೋಗುತ್ತದೆ, ಹೆಂಡತಿಯನ್ನು ಕೂಗಬೇಕಾಗುತ್ತದೆ.

ಹಾಲಿನ ಗೋಡೆಯ ಮೇಲೊಂದು ಫಲಕವಿರುತ್ತದಲ್ಲ, ಕ್ರಿಸ್ತನೇ ಈ ಮನೆಯ ಯಜಮಾನ, ಪ್ರತಿ ಮಾತನ್ನೂ ಮೌನವಾಗಿ ಆಲಿಸುವವನು ಎಂದು? ಅದು ಬೈಬಲಿನಲ್ಲಿ ಎಲ್ಲೂ ಇಲ್ಲ, ಇರಲಿ. ಅದರ ಕೆಳಗಿನ ಸೋಫಾದಲ್ಲೇ ಹುಡುಗನ ಕಡೆಯವರು ಕೂತು, ‘ನಮಗೇನೂ ಬೇಡ, ನಿಮ್ಮ ಮಗಳಿಗೆ ನೀವು ಏನು ಹಾಕುತ್ತೀರೋ ಅದು ನಿಮ್ಮ ಸಂತೋಷ’ ಎನ್ನುತ್ತಾರೆ. ಬೆರಳು ಮಾತ್ರ ಚಿಪ್ಸಿನ ತಟ್ಟೆಯ ಪಕ್ಕದಲ್ಲಿ ಗ್ರಾಂ ಲೆಕ್ಕ ಹಾಕುತ್ತಿರುತ್ತದೆ. ಯಜಮಾನ ಮೌನವಾಗಿ ಆಲಿಸುತ್ತಾನೆ. ಅವನ ಆ ಗುಣ ಎರಡೂ ಕಡೆಯವರಿಗೆ ಹಿಡಿಸಿದೆ.

ಬೋಧಕರೂ ಈ ವಿದ್ಯೆಯಲ್ಲಿ ಹಿಂದೆ ಬಿದ್ದಿಲ್ಲ. ದಶಮಾಂಶದ ಕವರಿನ ಮೇಲೆ ತಪ್ಪದೆ ಕಾಣುವುದು ಮಲಾಕಿಯ 3ರ 10: ಹತ್ತರಲ್ಲೊಂದು ಪಾಲು ತನ್ನಿ, ಆಶೀರ್ವಾದ ಸುರಿಯುತ್ತದೆ ಎಂದು. ಅದೇ ಪುಟದಲ್ಲಿ ಐದು ವಚನ ಮೇಲೆ ದೇವರು ಯಾರ ವಿರುದ್ಧ ಸಾಕ್ಷಿ ಹೇಳಲು ಬರುತ್ತೇನೆ ಎನ್ನುತ್ತಾನೆ ಗೊತ್ತೇ? ಕೂಲಿಯವನ ಕೂಲಿ ನುಂಗಿದವರ ವಿರುದ್ಧ, ವಿಧವೆ-ಅನಾಥರನ್ನು ಹಿಂಸಿಸಿದವರ ವಿರುದ್ಧ, ಪರದೇಶದವನಿಗೆ ಅನ್ಯಾಯ ಮಾಡಿದವರ ವಿರುದ್ಧ. ಆ ಐದು ವಚನಕ್ಕೆ ಕವರಿನಲ್ಲಿ ಜಾಗ ಸಾಲದು.

ಹಾಗಾಗಿ, ನಿತ್ಯಜೀವನಕ್ಕೆ ವಚನ ಅನ್ವಯಿಸಿಕೊಳ್ಳಲೇಬೇಕೆಂಬ ಹಟವಿರುವವರು ಯಾಜಕಕಾಂಡ 19ರ 13ರಿಂದ ಶುರುಮಾಡಬಹುದು. ಅರ್ಥಮಾಡಿಕೊಳ್ಳಲು ಗ್ರೀಕ್, ಹೀಬ್ರೂ ಬೇಡ, ಬೈಬಲ್ ಸ್ಟಡಿಯೂ ಬೇಡ. ಕೂಲಿಯವನ ದುಡ್ಡನ್ನು ಬೆಳಗಿನ ತನಕವೂ ನಿಮ್ಮ ಹತ್ತಿರ ಇಟ್ಟುಕೊಳ್ಳಬೇಡಿ ಎನ್ನುತ್ತದೆ, ಅಷ್ಟೇ. ಅಂದಹಾಗೆ, ನಿಮ್ಮ ಮನೆಕೆಲಸದಾಕೆಗೆ ಹೋದ ತಿಂಗಳ ಸಂಬಳ ಕೊಟ್ಟಾಯಿತೇ?