ಬಕೆಟ್ ಎರಡು, ಗುಡ್ಡೆ ಒಂದೇ

ಹಸಿ ಕಸಕ್ಕೆ ಹಸಿರು ಬಕೆಟ್. ಒಣ ಕಸಕ್ಕೆ ನೀಲಿ ಬಕೆಟ್. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ಎಲ್ಲಿಗೆ ಹೋದರೂ ಇದೇ ಪಾಠ. ಕಸದ ಗಾಡಿ ಮೈಕಿನಲ್ಲಿ ಅದನ್ನೇ ಹಾಡಿಕೊಂಡು ಬರುತ್ತದೆ.

ಮನೆಯಾಕೆ ಪಾಪ, ಸಿಪ್ಪೆ ಬೇರೆ, ಹಾಲಿನ ಕವರ್ ಬೇರೆ ಮಾಡಿ ಕೊಡುತ್ತಾಳೆ. ಗಾಡಿಯಲ್ಲೂ ಎರಡು ಭಾಗ ಇದೆ. ಊರಾಚೆಯ ಗುಡ್ಡೆಗೆ ಮಾತ್ರ ಭಾಗವಿಲ್ಲ. ಅಲ್ಲಿ ಎರಡೂ ಕೂಡಿ ಬಾಳುತ್ತವೆ. ಯಾವ ಊರಿನ ಗಾಡಿ ಎಂದು ಕೇಳಬೇಡಿ. ನಿಮ್ಮ ಬೀದಿಗೂ ಬಂದಿರುತ್ತದೆ.

2016ರ ಘನತ್ಯಾಜ್ಯ ನಿಯಮವೇ ಕಸವನ್ನು ಬಯಲಲ್ಲಿ ಸುಡಬಾರದು ಎಂದಿತ್ತು. ಸಂಜೆಯಾದರೆ ಮೋರಿ ಪಕ್ಕ ಹೊಗೆ. ಕೇಳಿದರೆ, ‘ಸೊಳ್ಳೆ ಹೋಗ್ಲಿ ಅಂತ ಸಾರ್.’ ಅದೇ ವರ್ಷ ರಾಜ್ಯ ಸರ್ಕಾರ ಪ್ಲಾಸ್ಟಿಕ್ ಕ್ಯಾರಿಬ್ಯಾಗ್ ನಿಷೇಧಿಸಿತು. ಸಂತೆಯಲ್ಲಿ ಒಂದು ಕಟ್ಟು ಕೊತ್ತಂಬರಿ ಕೇಳಿ ನೋಡಿ, ಕವರ್ ಬಿಟ್ಟಿ.

ಎಲ್ಲ ತಪ್ಪೂ ಸರ್ಕಾರದ್ದೇ ಎನ್ನುವ ನಾಗರಿಕರನ್ನೂ ನೋಡಿ. ಲಕ್ಷ್ಮಣತೀರ್ಥ ಹೊಳೆಯ ಸೇತುವೆ ಮೇಲೆ ಬೈಕ್ ನಿಧಾನವಾಗುತ್ತದೆ. ಹ್ಯಾಂಡಲ್‌ಗೆ ನೇತುಹಾಕಿದ ಕವರ್: ಕೋಳಿ ಪುಕ್ಕ, ಡೈಪರ್, ನಿನ್ನೆಯ ಸಾರನ್ನ. ಬಿಗಿಯಾಗಿ ಗಂಟು ಹಾಕಿದ್ದಾನೆ, ಚೆಲ್ಲಬಾರದಲ್ಲ! ಬೀಸಿ ಎಸೆಯುತ್ತಾನೆ. ಆಮೇಲೆ ಹೊಳೆಗೆ ಕೈಮುಗಿಯುತ್ತಾನೆ. ಭಕ್ತಿಗೇನೂ ಕಡಿಮೆಯಿಲ್ಲ.

ಇದು ಹೊಗೆಸೊಪ್ಪು, ಭತ್ತ ಬೆಳೆಯುವ ಸೀಮೆ. ರೈತ ಕೊಟ್ಟಿಗೆ ಗೊಬ್ಬರವನ್ನು ಲೋಡ್ ಲೆಕ್ಕದಲ್ಲಿ ದುಡ್ಡು ಕೊಟ್ಟು ಕೊಳ್ಳುತ್ತಾನೆ. ಗೊಬ್ಬರವಾಗಬೇಕಿದ್ದ ಹಸಿ ಕಸ ಪ್ಲಾಸ್ಟಿಕ್ ಜೊತೆ ಕೊಳೆಯುತ್ತದೆ. ಹಿಂದೆ ಹಿತ್ತಲ ತಿಪ್ಪೆ ಈ ಕೆಲಸವನ್ನು ಟೆಂಡರ್ ಇಲ್ಲದೆ ಮಾಡುತ್ತಿತ್ತು. ಅದಕ್ಕೇ ಅದನ್ನು ಹಿಂದುಳಿದದ್ದು ಎಂದು ಮುಚ್ಚಿದೆವು.

ಹೊಳೆಗೆ ಬಿದ್ದದ್ದು ಎಲ್ಲಿಗೆ ಹೋಗುತ್ತದೆ? ಲಕ್ಷ್ಮಣತೀರ್ಥ ಸೇರುವುದು ಕೆಆರ್‌ಎಸ್ ಹಿನ್ನೀರನ್ನು. ಕೆ.ಆರ್. ನಗರ ದಾಟಿದ ಕಾವೇರಿಯೂ ಅಲ್ಲಿಗೇ. ಕೋಟೆ ಸೀಮೆಯ ಕಬಿನಿ ನಂಜನಗೂಡಿನ ಕಡೆಗೆ. ಮೈಸೂರು ಕುಡಿಯುವುದು ಈ ಕಾವೇರಿ, ಕಬಿನಿ ನೀರನ್ನೇ. 2016ರ ಸ್ವಚ್ಛ ಸರ್ವೇಕ್ಷಣೆಯಲ್ಲಿ ಮೈಸೂರು ದೇಶಕ್ಕೇ ಮೊದಲು! ಬೀದಿ ಗುಡಿಸಿದ್ದಕ್ಕೆ ಬಹುಮಾನ ಬಂತು. ಮೇಲಿನ ತಾಲ್ಲೂಕುಗಳಿಂದ ಏನು ಹರಿದು ಬರುತ್ತಿದೆ ಎಂದು ಕೇಳುವ ಅಂಕಣ ಆ ಪರೀಕ್ಷೆಯಲ್ಲಿ ಇರಲಿಲ್ಲವೇನೋ.

ಸ್ವಚ್ಛತಾ ಸಭೆ ಮುಗಿಸಿ ಬಾಟಲಿ ನೀರಿನ ಮುಚ್ಚಳ ತಿರುಗಿಸುವ ಎಷ್ಟೋ ಸಾಹೇಬರು ಸಂಜೆ ಹೊರಡುವುದೂ ಮೈಸೂರಿಗೇ. ಮನೆ, ಮಕ್ಕಳ ಶಾಲೆ ಎಲ್ಲ ಅಲ್ಲೇ. ಹಗಲು ವಿಲೇವಾರಿಯಾಗದೆ ಉಳಿದದ್ದು ರಾತ್ರಿ ಅವರದೇ ನಲ್ಲಿಯಲ್ಲಿ ಬರುತ್ತದೆ.

ಆದರೂ ಅವರಿಗೆ ಚಿಂತೆಯಿಲ್ಲ. ಅಡುಗೆಮನೆಯಲ್ಲಿ ಫಿಲ್ಟರ್ ಹಾಕಿಸಿದ್ದಾರೆ.